ಒಂಬತ್ತು ವರ್ಷದ ಎನ್‌ಪಿಎಸ್: ಹಾಕಲು ಸಡಿಲ, ತೆಗೆಯಲು ಬಿಗಿ

ನಮ್ಮ ಮಾವನವರಿಗೆ ಮೈಸೂರಿನಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ಅವರಿಗೀಗ 71 ವರ್ಷ. ಇವತ್ತಿಗೂ ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತುತ್ತಾರೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್, ಅಷ್ಟೇ ವ್ಯಾಪಾರ. ಕೈ ನಡುಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿಯೇ ಕ್ಲಿಕ್ ಮಾಡುತ್ತಾರೆ. ಜೀವನವಿಡೀ ದುಡಿದರೂ ಅವರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ದುಡಿದದ್ದೆಲ್ಲ ಮೂರು ಮಕ್ಕಳ ಓದಿಗೆ, ಮದುವೆಗೆ ಹೋಯಿತು. ನಾನು ಮದುವೆಯಾಗಿ ಬಂದ ಮೊದಲ ವರ್ಷವೇ ಇದನ್ನು ನೋಡಿದೆ. 2017ರ ಜನವರಿಯಲ್ಲಿ ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್ ಖಾತೆ ತೆರೆಯಲು ಇದೇ ಮೊದಲ ಕಾರಣ. ತೆರಿಗೆ ಉಳಿಯುತ್ತದೆ ಅನ್ನುವುದು ಆಮೇಲಿನ ಮಾತು.

ನಮ್ಮ ಕಡೆ ಎನ್‌ಪಿಎಸ್ ಅಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ಸರ್ಕಾರಿ ನೌಕರರ ಹೋರಾಟ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಹಳೇ ಪಿಂಚಣಿ ಬೇಕು ಅಂತ ಕೇಳುತ್ತಿರುವುದು ನ್ಯಾಯವೇ. ಅವರಿಗೆ ಮೊದಲಿದ್ದ ಖಚಿತ ಪಿಂಚಣಿ ಕೈತಪ್ಪಿತು. ನಮ್ಮಂಥವರ ಕಥೆ ಬೇರೆ. ನಮಗೆ ಮೊದಲೂ ಏನೂ ಇರಲಿಲ್ಲ. 2009ರ ಮೇ ತಿಂಗಳಿಂದ ಈ ಯೋಜನೆ ಎಲ್ಲರಿಗೂ ತೆರೆದಿದೆ ಅನ್ನುವುದು ನನಗೆ ಗೊತ್ತಾಗಿದ್ದೇ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವಾಗ.

ಖಾತೆ ತೆರೆದ ಅನುಭವ ಚೆನ್ನಾಗಿರಲಿಲ್ಲ. ಆಗ ಒಂದು ಬ್ಯಾಂಕಿನ ಶಾಖೆಗೆ ಹೋಗಿ ಕಾಗದದ ಅರ್ಜಿ ತುಂಬಿದೆ. ಕೌಂಟರಿನಲ್ಲಿದ್ದವರು ಎನ್‌ಪಿಎಸ್ ಬಗ್ಗೆ ಹೇಳುವುದಕ್ಕಿಂತ ವಿಮಾ ಪಾಲಿಸಿ ಬಗ್ಗೆಯೇ ಜಾಸ್ತಿ ಹೇಳಿದರು. ಮೂರು ವಾರದ ಮೇಲೆ ಖಾತೆ ನಂಬರ್ ಇರುವ ಪ್ರಾನ್ ಕಾರ್ಡ್ ಬಂತು. 12 ಅಂಕಿಯ ಆ ನಂಬರ್ ಸರಿ ಇತ್ತು, ಆದರೆ ನಾಮಿನಿ ಜಾಗದಲ್ಲಿ ನಮ್ಮವರ ಹೆಸರು ತಪ್ಪಾಗಿತ್ತು. ಅದನ್ನು ಸರಿ ಮಾಡಿಸಲು ನಾಲ್ಕು ಸಲ ಅಲೆದೆ. ಈಗ ಈ ಕೆಲಸವೆಲ್ಲ ಮನೆಯಲ್ಲೇ ಕೂತು ಆಧಾರ್ ಒಟಿಪಿ ಹಾಕಿ ಮುಗಿಸಬಹುದು. ದಯವಿಟ್ಟು ಹಾಗೇ ಮಾಡಿ.

ಈಗ ನಮ್ಮ ಮನೆಯ ಲೆಕ್ಕ. ನಮ್ಮ ಯಜಮಾನರು ಮದುವೆ ಫೋಟೊ, ವಿಡಿಯೋ ಮಾಡುತ್ತಾರೆ. ಮಾಘದಿಂದ ಜ್ಯೇಷ್ಠದವರೆಗೆ ಛತ್ರಗಳು ತುಂಬಿರುತ್ತವೆ, ಇವರು ಮನೆಗೆ ಬರುವುದೇ ಅಪರೂಪ. ಆಷಾಢ ಬಂತೆಂದರೆ ಕ್ಯಾಮೆರಾ ಬ್ಯಾಗ್ ಮಂಚದ ಕೆಳಗೆ ಸೇರುತ್ತದೆ. ಮಕ್ಕಳ ಶಾಲೆ ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಬರುವುದೂ ಸರಿಯಾಗಿ ಅದೇ ಸಮಯಕ್ಕೆ. ನನ್ನ ಸಂಬಳದಲ್ಲಿ ಬಾಡಿಗೆ, ಹಾಲು, ದಿನಸಿ, ಕರೆಂಟು ನಡೆಯುತ್ತದೆ. ಉಳಿದದ್ದೆಲ್ಲ ಇವರ ಸೀಸನ್ ದುಡ್ಡಿನಲ್ಲೇ ಆಗಬೇಕು. ಇಂಥ ಮನೆಯಲ್ಲಿ ತಿಂಗಳಿಗೆ ಇಷ್ಟು ಕಟ್ಟಲೇಬೇಕು ಅನ್ನುವ ಯಾವುದೂ ಉಳಿಯುವುದಿಲ್ಲ. ಒಂದು ವಿಮಾ ಪಾಲಿಸಿ ಹೀಗೇ ಲ್ಯಾಪ್ಸ್ ಆಯಿತು.

ಎನ್‌ಪಿಎಸ್ ನಮಗೆ ಹೊಂದಿದ್ದು ಇಲ್ಲೇ. ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಹಾಕಿದರೆ ಸಾಕು, ಖಾತೆ ನಡೆಯುತ್ತದೆ. ಯಾವಾಗ, ಎಷ್ಟು ಸಲ ಹಾಕಬೇಕು ಅನ್ನುವುದು ನಮ್ಮಿಷ್ಟ. ನಾನು ತಿಂಗಳಿಗೆ 2,000ದಿಂದ ಶುರು ಮಾಡಿದೆ. 2018ರಲ್ಲಿ ಮಗಳು ಹುಟ್ಟಿದಾಗ ಒಂದು ವರ್ಷ 1,000ಕ್ಕೆ ಇಳಿಸಿದೆ. ಆಮೇಲೆ ಮತ್ತೆ 2,000, 2022ರಿಂದ 3,000, ಈಗ 4,000. ಇಳಿಸಿದಾಗ ಯಾರೂ ಫೋನ್ ಮಾಡಿ ಕೇಳಲಿಲ್ಲ, ದಂಡ ಹಾಕಲಿಲ್ಲ.

ಮಗಳು ಹುಟ್ಟಿದ ಆ ವರ್ಷ ನಾನು ಏಳು ತಿಂಗಳು ಕೆಲಸ ಬಿಟ್ಟಿದ್ದೆ. ಎರಡು ತಿಂಗಳು ಕಳೆದ ಮೇಲೆ ಪಿಎಫ್ ಪೂರ್ತಿ ತೆಗೆಯಬಹುದಿತ್ತು, ತೆಗೆದೆ. 84 ಸಾವಿರ ಬಂತು. ನಾಮಕರಣ, ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್, ಸ್ವಲ್ಪ ಸಾಲ, ಹೀಗೆ ಮುಗಿಯಿತು. ಖರ್ಚೆಲ್ಲ ಬೇಕಾದದ್ದೇ. ಆದರೆ ನಾಲ್ಕು ವರ್ಷದ ಪಿಎಫ್ ಹೋಯಿತು ಅಲ್ವಾ, ಅದು ಇವತ್ತಿಗೂ ನೋಯುತ್ತದೆ.

ನಿಜವಾದ ಪರೀಕ್ಷೆ ಬಂದದ್ದು 2020ರಲ್ಲಿ. ಮಾರ್ಚ್ 25ಕ್ಕೆ ಲಾಕ್‌ಡೌನ್. ಏಪ್ರಿಲ್ 26ಕ್ಕೆ ಅಕ್ಷಯ ತೃತೀಯ ಇತ್ತು, ಅದರ ಹಿಂದೆ ಮುಂದೆ ಇವರಿಗೆ ಒಂಬತ್ತು ಮದುವೆ ಬುಕ್ ಆಗಿದ್ದವು. ಒಂಬತ್ತೂ ಹೋದವು. ಅಡ್ವಾನ್ಸ್ ಕೊಟ್ಟವರು ವಾಪಸ್ ಕೇಳಿದರು, ಕೊಟ್ಟೆವು. ಅವರಿಗೂ ಕಷ್ಟವೇ ಇತ್ತು. ಮೊದಲು ಆರ್‌ಡಿ ಮುರಿದೆವು. ಆಮೇಲೆ ನನ್ನ ಎರಡು ಬಳೆ ಅಡ ಇಟ್ಟೆವು. ಓಣಿಯ ಚೀಟಿಯಿಂದಲೂ ಹೊರಗೆ ಬಂದೆವು. ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಎನ್‌ಪಿಎಸ್ ಲಾಗಿನ್ ಮಾಡಿದೆ. 66 ಸಾವಿರ ಹಾಕಿದ್ದೆ, 61 ಸಾವಿರ ಚಿಲ್ಲರೆ ತೋರಿಸುತ್ತಿತ್ತು. ಷೇರುಪೇಟೆ ಬಿದ್ದಿತ್ತು. ಹೋಗಲಿ, ಇರುವಷ್ಟನ್ನೇ ತೆಗೆದುಬಿಡೋಣ ಅಂತ ನಿಯಮ ಓದಿದೆ. ಮೂರು ವರ್ಷ ಆದ ಮೇಲೆ ನಾವು ಹಾಕಿದ ಹಣದ ಕಾಲು ಭಾಗ ತೆಗೆಯಬಹುದು. ಆದರೆ ಅದಕ್ಕೆ ಕಾರಣಗಳ ಪಟ್ಟಿ ಇದೆ: ಮಕ್ಕಳ ಉನ್ನತ ಓದು, ಅವರ ಮದುವೆ, ಮನೆ ಕೊಳ್ಳುವುದು, ದೊಡ್ಡ ಕಾಯಿಲೆ, ಹೀಗೆ. ಬಾಡಿಗೆ ಕಟ್ಟಲು, ದಿನಸಿ ತರಲು ಅನ್ನುವುದು ಅದರಲ್ಲಿ ಇರಲಿಲ್ಲ. ನನಗೆ ಅಳು ಬಂತು. ನನ್ನದೇ ದುಡ್ಡು ನನಗೆ ಸಿಗುವುದಿಲ್ಲವಲ್ಲ ಅಂತ ತುಂಬಾ ಸಿಟ್ಟೂ ಬಂತು.

ಆ ವರ್ಷ ಪೂರ್ತಿ ಹಾಕಿದ್ದು ಬರೀ 1,000 ರೂಪಾಯಿ. ಹೇಗೋ ದಿನ ಕಳೆಯಿತು. ಮನೆಯಲ್ಲಿದ್ದ ಬೇರೆಲ್ಲ ಉಳಿತಾಯ ಕರಗಿತು. ಇದೊಂದು ಮಾತ್ರ ಉಳಿಯಿತು, ತೆಗೆಯಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

2026ರ ಜನವರಿ ಕೊನೆಗೆ ನಾನು ಹಾಕಿದ್ದು ಒಟ್ಟು 2 ಲಕ್ಷ 51 ಸಾವಿರ. ಖಾತೆಯಲ್ಲಿ ಇರುವುದು 3 ಲಕ್ಷ 70 ಸಾವಿರದ ಆಸುಪಾಸು. ಬಡ್ಡಿ ಲೆಕ್ಕದಲ್ಲಿ ನೋಡಿದರೆ ವರ್ಷಕ್ಕೆ ಶೇ 10ರಿಂದ 11. ನಾನು ಆರಿಸಿದ್ದು ಆಟೊ ಚಾಯ್ಸ್‌ನ ನಡುವಿನ ಆಯ್ಕೆ. 35 ವರ್ಷದವರೆಗೆ ಅರ್ಧ ಹಣ ಷೇರಿಗೆ ಹೋಗುತ್ತದೆ, ಆಮೇಲೆ ಷೇರಿನ ಪಾಲು ವರ್ಷಕ್ಕೆ ಶೇ 2ರಂತೆ ತಾನಾಗಿಯೇ ಇಳಿಯುತ್ತದೆ. ನನಗೀಗ 38, ಷೇರಿನ ಪಾಲು ಶೇ 44. ಇನ್ನೂ ಜಾಸ್ತಿ ಇಡಬಹುದಿತ್ತು, ಆದರೆ ಆ 61 ಸಾವಿರ ನೋಡಿದವಳಿಗೆ ಇಷ್ಟೇ ಸಾಕು.

ಖರ್ಚು ತೀರಾ ಕಡಿಮೆ. ಫಂಡ್ ನೋಡಿಕೊಳ್ಳುವವರು ಸಾವಿರಕ್ಕೆ ವರ್ಷಕ್ಕೆ ಸುಮಾರು ಒಂದು ರೂಪಾಯಿ ಹಿಡಿಯುತ್ತಾರೆ. ಖಾತೆ ನಿರ್ವಹಣೆಯ ಶುಲ್ಕಕ್ಕೆ ಆಗಾಗ ಕೆಲವು ಯೂನಿಟ್ (ನಮ್ಮ ಹಣಕ್ಕೆ ಫಂಡಿನಲ್ಲಿ ಸಿಗುವ ಪಾಲು) ಕಡಿತವಾಗುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಯೂನಿಟ್ ಕಡಿಮೆಯಾದದ್ದು ನೋಡಿ ಮೊದಲ ಸಲ ಗಾಬರಿಯಾಗಿದ್ದೆ, ಹಾಗಾಗಿ ಹೇಳುತ್ತಿದ್ದೇನೆ. ಹಣ ಹಾಕಲು ಡಿ-ರೆಮಿಟ್ ಬಳಸಿ, ಅದು ನಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಕಳಿಸುವ ದಾರಿ. ಒಂದು ಸಲ ವರ್ಚುವಲ್ ಖಾತೆ ನಂಬರ್ ಮಾಡಿಕೊಂಡು ಬ್ಯಾಂಕಿನಲ್ಲಿ ಸೇರಿಸಿದರೆ ಆಯಿತು. ಬೆಳಿಗ್ಗೆ 11ರೊಳಗೆ ಹಣ ತಲುಪಿದರೆ ಆ ದಿನದ ದರದಲ್ಲೇ ಯೂನಿಟ್ ಸಿಗುತ್ತದೆ.

ಬೇಸರದ ವಿಷಯಗಳೂ ಇವೆ. 60 ತುಂಬಿದಾಗ ಎಲ್ಲ ಹಣ ಕೈಗೆ ಬರುವುದಿಲ್ಲ. ಶೇ 40ರಷ್ಟಕ್ಕೆ ಆನ್ಯುಟಿ, ಅಂದರೆ ವಿಮಾ ಕಂಪನಿಯಿಂದ ತಿಂಗಳ ಪಿಂಚಣಿ, ಕೊಳ್ಳಲೇಬೇಕಿತ್ತು. 40 ಲಕ್ಷ ಕೂಡಿದ್ದರೆ 16 ಲಕ್ಷ ಅಲ್ಲಿಗೇ ಹೋಗುತ್ತಿತ್ತು. ಶೇ 6.5ರ ಲೆಕ್ಕ ಹಿಡಿದರೆ ತಿಂಗಳಿಗೆ ಬರುತ್ತಿದ್ದದ್ದು 8,700 ರೂಪಾಯಿಯ ಹತ್ತಿರ, ಅದೂ ತೆರಿಗೆ ಲೆಕ್ಕಕ್ಕೆ ಸೇರುವ ಆದಾಯ. 22 ವರ್ಷದ ನಂತರ ಆ ದುಡ್ಡಿಗೆ ಎಷ್ಟು ಬೆಲೆ ಇರುತ್ತದೆ ಹೇಳಿ. 2025ರ ಡಿಸೆಂಬರ್‌ನಲ್ಲಿ ಈ ಯೋಜನೆಯ ನಿಯಂತ್ರಕ ಸಂಸ್ಥೆ ಪಿಎಫ್‌ಆರ್‌ಡಿಎ ಸರ್ಕಾರಿ ನೌಕರರಲ್ಲದವರಿಗೆ ಇದನ್ನು ಶೇ 20ಕ್ಕೆ ಇಳಿಸಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ತೆರಿಗೆ ವಿಷಯದಲ್ಲಿ ಸ್ಪಷ್ಟ ಇರಲಿ. ಇದರಲ್ಲಿ ಹಾಕಿದ ಹಣಕ್ಕೆ ಸಿಗುವ 50 ಸಾವಿರದ ಹೆಚ್ಚುವರಿ ವಿನಾಯಿತಿ ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. ನಾನೀಗ ಹೊಸ ಪದ್ಧತಿಯಲ್ಲಿದ್ದೇನೆ, ನನ್ನ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ. ತೆರಿಗೆಗೆಂದೇ ಸೇರಿದ್ದ ಇಬ್ಬರು ಸಹೋದ್ಯೋಗಿಗಳು ಹಾಕುವುದನ್ನು ನಿಲ್ಲಿಸಿದರು. ಹೊಸ ಪದ್ಧತಿಯಲ್ಲಿ ಕಂಪನಿ ನಮ್ಮ ಪರವಾಗಿ ಹಾಕುವ ಹಣಕ್ಕೆ ಮೂಲ ವೇತನದ ಶೇ 14ರವರೆಗೆ ವಿನಾಯಿತಿ ಇದೆ. ನಮ್ಮ ಆಫೀಸಿನಲ್ಲಿ ಎರಡು ಸಲ ಕೇಳಿದೆ, ಕೊಡಲಿಲ್ಲ. ನಿಮ್ಮಲ್ಲಿ ಕೊಡುತ್ತಾರಾ, ಒಮ್ಮೆ ಕೇಳಿ ನೋಡಿ.

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದವರು, ಆರೋಗ್ಯ ವಿಮೆ ಇಲ್ಲದವರು ಮೊದಲು ಅದನ್ನು ಮಾಡಿಕೊಳ್ಳಿ. ನಾವು ಹಿಂದು ಮುಂದಾಗಿ ಮಾಡಿದೆವು, ಬಳೆ ಅಡ ಇಡಬೇಕಾಗಿ ಬಂತು. ಮಗಳ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಇದೆ, ತಿಂಗಳಿಗೆ 1,500. ಅವಳ ಓದಿನ ದುಡ್ಡು, ನಮ್ಮ ಮುಪ್ಪಿನ ದುಡ್ಡು ಎರಡನ್ನೂ ಒಂದೇ ಕಡೆ ಇಡುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

2022ರಲ್ಲಿ ಇವರೂ ಖಾತೆ ತೆರೆದರು. ತಿಂಗಳ ಕಂತು ಇಲ್ಲ, ಸೀಸನ್ ಮುಗಿದ ಮೇಲೆ ಒಂದೇ ಸಲ ಹಾಕುತ್ತಾರೆ. ಹೋದ ವರ್ಷ 30 ಸಾವಿರ ಹಾಕಿದರು. ಮಾವನವರು ಅದರ ಮೆಸೇಜ್ ತೋರಿಸಲು ಹೇಳಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ನಮ್ಮ ಕಾಲದಲ್ಲಿ ಇದನ್ನ ಯಾರೂ ಹೇಳಲಿಲ್ಲ ಕಣಮ್ಮ” ಅಂದರು.

ಒಂದು ಕೆಲಸ ಬಾಕಿ ಇದೆ. ಮಗನಿಗೆ ಐದು ವರ್ಷ ತುಂಬುತ್ತಾ ಬಂತು, ನನ್ನ ಖಾತೆಯ ನಾಮಿನಿಯಲ್ಲಿ ಅವನ ಹೆಸರು ಇನ್ನೂ ಸೇರಿಲ್ಲ. ಮೂವರನ್ನು ಸೇರಿಸಬಹುದು. ಈ ಭಾನುವಾರ ಕೂತು ಇವರು, ಮಗಳು, ಮಗ ಮೂವರ ಹೆಸರನ್ನೂ ಹಾಕುತ್ತೇನೆ. ಈ ಸಲ ಹೆಸರು ಟೈಪ್ ಮಾಡುವವಳು ನಾನೇ.