ವಿಜಯಪುರದ ರೊಟ್ಟಿ ಖಾನಾವಳಿ: ಊಟ ಭೇಷ್, ಅನ್ನ ಮಾತ್ರ ಕೇಳಿ ಬಡಿಸಲಿ

ಬಿಸಿ ಜೋಳದ ರೊಟ್ಟಿ ತಿನ್ನಬೇಕು ಅಂದ್ರೆ ವಿಜಯಪುರದ ಸ್ಟೇಷನ್ ರಸ್ತೆ ಕಡೆ ಇರೋ ಈ ಸಣ್ಣ ಖಾನಾವಳಿಗೆ ಕಣ್ಣು ಮುಚ್ಚಿ ಹೋಗಿ. ರೊಟ್ಟಿ ಬಡಿಯೋ ಸಪ್ಪಳ ಊಟಕ್ಕೆ ಕೂತವರಿಗೂ ಕೇಳುತ್ತೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಉಬ್ಬಿದ ಕೂಡಲೇ ನಿಮ್ಮ ತಟ್ಟೆಗೆ. ಎಣ್ಣೆಗಾಯಿಗೆ ಶೇಂಗಾ, ಗುರೆಳ್ಳು ಪುಡಿ ಧಾರಾಳವಾಗಿ ಹಾಕಿದ್ದಾರೆ. ಜೊತೆಗೆ ಹೆಸರುಕಾಳಿನ ಪಲ್ಯ, ಕೆಂಪು ಖಾರ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು. ಪಲ್ಯಕ್ಕೆ ಉಪ್ಪು ಸ್ವಲ್ಪ ಜಾಸ್ತಿ, ಅಷ್ಟೇ.

ಈ ಊಟ ನನಗೆ ಇಷ್ಟ ಆಗೋಕೆ ಇನ್ನೊಂದು ಕಾರಣ ನೀರು. ಒಂದು ಪದಾರ್ಥ ತಯಾರಾಗೋಕೆ ಒಟ್ಟು ಎಷ್ಟು ನೀರು ಬೇಕು ಅನ್ನೋ ಲೆಕ್ಕಕ್ಕೆ ನೀರಿನ ಹೆಜ್ಜೆಗುರುತು ಅಂತಾರೆ, 2002ರಲ್ಲಿ ಇದನ್ನ ಶುರು ಮಾಡಿದವರು ನೆದರ್ಲೆಂಡ್ಸ್‌ನ ನೀರಿನ ತಜ್ಞ ಅರ್ಯೆನ್ ಹೂಕ್‌ಸ್ಟ್ರಾ. ಜಗತ್ತಿನ ಸರಾಸರಿ ನೋಡಿದರೆ ಒಂದು ಕಿಲೋ ಅಕ್ಕಿಗೆ ಸುಮಾರು 2,500 ಲೀಟರ್, ಜೋಳಕ್ಕೆ ಸುಮಾರು 3,000. ಹಾಗಾದ್ರೆ ಜೋಳನೇ ಜಾಸ್ತಿ ನೀರು ಕುಡಿಯುತ್ತೆ ಅಲ್ವಾ ಅಂತ ಕೆಲವರು ವಾದ ಮಾಡ್ತಾರೆ. ಇಲ್ಲ. ಆ ಮೊತ್ತದಲ್ಲಿ ಮಳೆ ನೀರು, ಕಾಲುವೆ ನೀರು, ಬೋರ್ ನೀರು ಎಲ್ಲವನ್ನೂ ಕೂಡಿಸಿರ್ತಾರೆ. ಜೋಳದ ಪಾಲಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬರೀ ಮಳೆ ನೀರು. ಎಕರೆಗೆ ಇಳುವರಿ ಕಡಿಮೆ, ಅದಕ್ಕೇ ಕಿಲೋ ಲೆಕ್ಕ ದೊಡ್ಡದಾಗಿ ಕಾಣುತ್ತೆ. ನಮ್ಮ ಕಡೆ ಬಿಳಿಜೋಳ ಹಿಂಗಾರಿ ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದರೆ ಎರಿಹೊಲದ ಕಪ್ಪು ಮಣ್ಣು ಹಿಡಿದಿಟ್ಟ ಹಸಿ ಮೇಲೇ ಚಳಿಗಾಲ ಪೂರ್ತಿ ಬೆಳೆದು ತೆನೆ ಕಟ್ಟುತ್ತೆ, ಕಾಲುವೆಗೆ ಕಾಯೋದಿಲ್ಲ. ನಮ್ಮ ಡೋಣಿ ನದಿ ಸಾಲಿನ ಜೋಳಕ್ಕೆ ಹೆಸರು ಸುಮ್ನೆ ಬಂದಿಲ್ಲ.

ನನ್ನ ತಕರಾರು ಇರೋದು ಅನ್ನದ ಬಗ್ಗೆ. ರೊಟ್ಟಿ ಮುಗಿಯೋ ಹೊತ್ತಿಗೆ ಹೊಟ್ಟೆ ತುಂಬಿರುತ್ತೆ, ಆದ್ರೂ ಕೇಳದೇ ದೊಡ್ಡ ಸೌಟು ತುಂಬ ಅನ್ನ ಸುರಿದು ಸಾರು ಹಾಕಿಬಿಡ್ತಾರೆ. ನನ್ನ ಪಕ್ಕದವರು ಎರಡು ತುತ್ತು ತಿಂದು ಎದ್ದರು, ಉಳಿದದ್ದೆಲ್ಲ ಮುಸುರೆ ಬಕೆಟ್‌ಗೆ. ಗಂಗಾವತಿ, ಸಿಂಧನೂರು ಕಡೆಯ ಭತ್ತ ತುಂಗಭದ್ರಾ ಕಾಲುವೆ ನೀರಲ್ಲಿ ಬೆಳೆಯೋದು. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆದ ಅಕ್ಕಿ ಹೀಗೆ ಚೆಲ್ಲೋದು ನೋಡಿದರೆ ನಿಜವಾಗಿ ಸಂಕಟ ಆಗುತ್ತೆ. ಯಜಮಾನರಿಗೆ ಹೇಳಿದೆ, "ಅಣ್ಣಾರ, ಅನ್ನ ಬೇಕೇನ್ರಿ ಅಂತ ಕೇಳಿ ಹಾಕ್ರಿ." "ಕಡಿಮಿ ಹಾಕಿದ್ರ ಗಿರಾಕಿ ಬೇಜಾರಾಗ್ತಾರ್ರೀ" ಅಂದರು. ಮೊದಲು ಒಂದು ಸಣ್ಣ ಸೌಟು ಹಾಕಿ, ಕೇಳಿದವರಿಗೆ ಮತ್ತೆ ಹಾಕಿದರೆ ಯಾರೂ ಬೇಜಾರಾಗಲ್ಲ ಅಂತ ನನ್ನ ನಂಬಿಕೆ. ನೀವು ಹೋದಾಗಲೂ ಹೇಳಿ, ನಾಲ್ಕು ಜನ ಹೇಳಿದರೆ ಕೇಳ್ತಾರೆ, ಒಳ್ಳೆ ಮನುಷ್ಯ.

ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪಾರ್ಸಲ್ ಸಿಗುತ್ತೆ. ಮಧ್ಯಾಹ್ನ ಒಂದು ಗಂಟೆ ದಾಟಿದರೆ ಕೂರೋಕೆ ಜಾಗ ಇರಲ್ಲ, ಸ್ವಲ್ಪ ಬೇಗ ಹೋಗಿ.