ಗೋಣಿಕೊಪ್ಪಲಿನ ಕಚೇರಿಯಲ್ಲಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್: ಹೆಚ್ಚುವರಿ ಡಿಸ್ಕ್‌ಗಳ ಜೋಡಣೆಯೂ ದೀರ್ಘಕಾಲದ ಬಳಕೆಯೂ

ಬೆಳೆಗಾರರಿಂದ ಕಾಫಿಯ ಚೆರ್ರಿ ಮತ್ತು ಪಾರ್ಚ್‌ಮೆಂಟ್ ಕೊಳ್ಳುವ ನಮ್ಮ ಗೋಣಿಕೊಪ್ಪಲಿನ ಕಚೇರಿಯಲ್ಲಿ ಲೆಕ್ಕಪತ್ರ, ತೂಕದ ಚೀಟಿಗಳ ದಾಖಲೆ, ತೋಟಗಳ ಕೆಲಸಗಾರರ ಹಾಜರಿಯ ಚೆಕ್‌ರೋಲ್ ಎಲ್ಲವೂ ಒಂದೇ ಸರ್ವರ್‌ನ ಬೇರೆ ಬೇರೆ ವರ್ಚುವಲ್ ಮಷೀನ್‌ಗಳಲ್ಲಿ (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಪ್ರತ್ಯೇಕ ಕಂಪ್ಯೂಟರುಗಳಲ್ಲಿ) ನಡೆಯುತ್ತವೆ. ಅವುಗಳ ಬ್ಯಾಕಪ್‌ಗೆಂದು ಪಕ್ಕದ ಕೋಣೆಯ ಪ್ರತ್ಯೇಕ ಯಂತ್ರವೊಂದಕ್ಕೆ ಹೆಚ್ಚುವರಿ ಡಿಸ್ಕ್‌ಗಳನ್ನು ಅಳವಡಿಸಿ, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಎಂಬ ತಂತ್ರಾಂಶವನ್ನು ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. 2020ರ ನವೆಂಬರಿನಲ್ಲಿ ಮೊದಲ ಸ್ಥಿರ ಆವೃತ್ತಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶವನ್ನು ಚಂದಾ ಕಟ್ಟದೆಯೂ ಪೂರ್ಣವಾಗಿ ಬಳಸಬಹುದು. ತಂತ್ರಾಂಶ ಬಹಳ ಚೆನ್ನಾಗಿದೆ. ಆದರೆ ಅದರ ಗುಣ ಬಳಕೆಗೆ ಸಿಗುವುದು ಕೆಳಗಿನ ಡಿಸ್ಕ್‌ಗಳ ಜೋಡಣೆ ಸರಿಯಾಗಿದ್ದರೆ ಮಾತ್ರ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಈ ವಿಮರ್ಶೆಯ ಬಹುಪಾಲು ಡಿಸ್ಕ್‌ಗಳ ಕುರಿತೇ ಇದೆ.

ಈ ತಂತ್ರಾಂಶವು ವರ್ಚುವಲ್ ಮಷೀನಿನ ಡಿಸ್ಕನ್ನು 4 ಮೆಬಿಬೈಟ್ ಗಾತ್ರದ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿಗೂ ಅದರೊಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಗುರುತು ಹಾಕಿ, ಒಂದೇ ಬಗೆಯ ತುಣುಕು ಎಷ್ಟು ಬಾರಿ ಬಂದರೂ ಒಮ್ಮೆ ಮಾತ್ರ ಉಳಿಸಿಕೊಳ್ಳುತ್ತದೆ. ಮಷೀನ್ ಚಾಲನೆಯಲ್ಲಿರುವಷ್ಟು ಕಾಲ ಯಾವ ಭಾಗ ಬದಲಾಗಿದೆ ಎಂಬ ಲೆಕ್ಕವೂ ಅದರ ಬಳಿ ಇರುವುದರಿಂದ ದಿನದ ಬ್ಯಾಕಪ್ ಬೇಗ ಮುಗಿಯುತ್ತದೆ. ಮಷೀನ್ ಪೂರ್ತಿ ನಿಂತರೆ ಆ ಲೆಕ್ಕ ಅಳಿಸಿಹೋಗುತ್ತದೆ. ಮುಂದಿನ ಬಾರಿ ಇಡೀ ಡಿಸ್ಕನ್ನು ಮೊದಲಿನಿಂದ ಓದಬೇಕಾಗುತ್ತದೆ, ಹೊಸ ತುಣುಕುಗಳಷ್ಟೇ ರವಾನೆಯಾಗುತ್ತವೆ ಎಂಬುದು ನಿಜವಾದರೂ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟಿನ ಬಿರುಮಳೆಯ ಕಾಲ) ಮರ ಬಿದ್ದು ತಂತಿ ಹರಿದು, ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ ಎಲ್ಲವನ್ನೂ ಕ್ರಮವಾಗಿ ಸ್ಥಗಿತಗೊಳಿಸಬೇಕಾಗುವ ನಮ್ಮ ಕಡೆಯಲ್ಲಿ ಇದು ಸಣ್ಣ ವಿಷಯವಲ್ಲ. ಕರೆಂಟ್ ಮರಳಿದ ರಾತ್ರಿಯ ಬ್ಯಾಕಪ್ ಹೆಚ್ಚು ಹೊತ್ತು ತೆಗೆದುಕೊಂಡಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ.

ತೊಡಕು ಇರುವುದು ತಿರುಗುವ ಹಾರ್ಡ್‌ಡಿಸ್ಕ್‌ಗಳಲ್ಲಿ. ಒಂದು ಟೆಬಿಬೈಟ್ ಮಾಹಿತಿಯೆಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು ತುಣುಕುಗಳು, ಒಂದೊಂದೂ ಒಂದು ಕಡತ. ಹಳೆಯ ಬ್ಯಾಕಪ್‌ಗಳನ್ನು ಪ್ರೂನ್ ಮಾಡಿದ (ಪಟ್ಟಿಯಿಂದ ತೆಗೆದ) ಮೇಲೆ ಜಾಗ ತಾನಾಗಿ ಖಾಲಿಯಾಗುವುದಿಲ್ಲ. ಗಾರ್ಬೇಜ್ ಕಲೆಕ್ಷನ್ ಎಂಬ ಕೆಲಸವು ಇನ್ನೂ ಬೇಕಾಗಿರುವ ಪ್ರತಿ ತುಣುಕಿನ ಸಮಯದ ಗುರುತನ್ನು ಹೊಸದಾಗಿಸಿ, 24 ಗಂಟೆ 5 ನಿಮಿಷಕ್ಕಿಂತ ಹಳೆಯ ಗುರುತಿನವನ್ನು ಮಾತ್ರ ಅಳಿಸುತ್ತದೆ. ಇಷ್ಟು ಲಕ್ಷ ಕಡತಗಳನ್ನು ಮುಟ್ಟುತ್ತ ಹೋಗುವ ಹಾರ್ಡ್‌ಡಿಸ್ಕ್‌ನ ಹೆಡ್ ಅತ್ತಿಂದಿತ್ತ ಓಡಾಡಿಯೇ ದಣಿಯುತ್ತದೆ. ಇದಕ್ಕೆ ಪರಿಹಾರವಾಗಿ ಎರಡು ಹಾರ್ಡ್‌ಡಿಸ್ಕ್‌ಗಳನ್ನು ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮಿರರ್ ಆಗಿ, ಅಂದರೆ ಎರಡರಲ್ಲೂ ಒಂದೇ ಮಾಹಿತಿ ಇರುವಂತೆ ಜೋಡಿಸಿ, ಅವುಗಳ ಜೊತೆಗೆ ತಿರುಗುವ ಭಾಗವಿಲ್ಲದ ಎರಡು ಚಿಕ್ಕ ಎಸ್‌ಎಸ್‌ಡಿಗಳನ್ನು 'ಸ್ಪೆಷಲ್' ಸಾಧನವಾಗಿ ಸೇರಿಸಿದ್ದೇನೆ. ಕಡತಗಳ ವಿವರವೆಲ್ಲ ಎಸ್‌ಎಸ್‌ಡಿಯಲ್ಲೂ ಮಾಹಿತಿ ಮಾತ್ರ ಹಾರ್ಡ್‌ಡಿಸ್ಕ್‌ನಲ್ಲೂ ಉಳಿಯುತ್ತದೆ. ಇದನ್ನು ಪೂಲ್ (ಈ ಡಿಸ್ಕ್‌ಗಳೆಲ್ಲ ಸೇರಿದ ಒಂದೇ ಸಂಗ್ರಹ) ರಚಿಸುವಾಗಲೇ ಮಾಡುವುದು ಉತ್ತಮ, ಏಕೆಂದರೆ ನಂತರ ಸೇರಿಸಿದರೆ ಹೊಸದಾಗಿ ಬರೆದ ಮಾಹಿತಿಗಷ್ಟೇ ಅದರ ಪ್ರಯೋಜನ ಸಿಗುತ್ತದೆ. ಎಸ್‌ಎಸ್‌ಡಿಗಳೂ ಮಿರರ್ ಆಗಿಯೇ ಇರಬೇಕು: ಸ್ಪೆಷಲ್ ಸಾಧನ ಕೈಕೊಟ್ಟರೆ ಇಡೀ ಪೂಲ್ ಹೋಯಿತೆಂದೇ ಅರ್ಥ. ಈ ಜೋಡಣೆಗೆ ವೆಬ್ ಪುಟದಲ್ಲಿ ಗುಂಡಿಯಿಲ್ಲ, ಕಮಾಂಡ್‌ಗಳನ್ನೇ ಬರೆಯಬೇಕು. ಇಂಥ ಮುಖ್ಯವಾದ ಸೌಲಭ್ಯವನ್ನು ಮುಂದೆ ತಂದಿಡದಿರುವುದು ತಂತ್ರಾಂಶದ ಕೊರತೆಯೆಂದೇ ಭಾವಿಸುತ್ತೇನೆ. ಕಮಾಂಡಿನಲ್ಲಿ ಡಿಸ್ಕ್‌ಗಳನ್ನು ಎಸ್‌ಡಿಬಿ, ಎಸ್‌ಡಿಸಿ ಎಂಬ ಬದಲಾಗಬಲ್ಲ ಹೆಸರುಗಳಿಂದ ಕರೆಯದೆ ಸೀರಿಯಲ್ ನಂಬರ್ ಇರುವ ಹೆಸರಿನಿಂದ ಗುರುತಿಸಿ, ಅದೇ ನಂಬರಿನ ಚೀಟಿಯನ್ನು ಡಿಸ್ಕ್‌ನ ಅಂಚಿಗೆ ಅಂಟಿಸಿದರೆ ಬದಲಿಸುವ ದಿನ ಊಹೆಗೆ ಅವಕಾಶವಿರುವುದಿಲ್ಲ.

ಡಿಸ್ಕ್ ಕೊಳ್ಳುವಾಗ ಅದು ಮಾಹಿತಿಯ ಪಟ್ಟಿಗಳು ಒಂದರ ಮೇಲೊಂದು ಬರದ ಸಿಎಂಆರ್ ಬಗೆಯದೇ ಎಂದು ತಯಾರಕರ ವಿವರಪಟ್ಟಿಯಲ್ಲಿ ನೋಡಿಯೇ ಹಣ ಕೊಡಿ. ಇನ್ನೊಂದು ಬಗೆಯಾದ ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಪಕ್ಕಪಕ್ಕದ ಪಟ್ಟಿಗಳು ಮನೆಯ ಹಂಚುಗಳಂತೆ ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದ, ಒಂದನ್ನು ತಿದ್ದಿ ಬರೆಯಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗಿ, ಕೆಟ್ಟ ಡಿಸ್ಕನ್ನು ಬದಲಿಸುವ ಹೊತ್ತಿನಲ್ಲಿ ವೇಗ ಬಹಳ ಕುಸಿಯುತ್ತದೆ.

ಕೊಡಗಿನ ತೇವದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಒಂದು ಮಳೆಗಾಲದಲ್ಲಿ ಮಿರರ್‌ನ ಒಂದು ಡಿಸ್ಕ್ ಮೇಲೆ ದೋಷದ ವರದಿ ಬರತೊಡಗಿತು. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ದಾಖಲಿಸುವ ಸ್ಮಾರ್ಟ್ ವಿವರ ತೆಗೆದು ನೋಡಿದರೆ ಕೆಟ್ಟ ಸೆಕ್ಟರ್‌ಗಳ ಎಣಿಕೆ ಸೊನ್ನೆ. 199ನೇ ಸಾಲಿನ ಸಿಆರ್‌ಸಿ ದೋಷಗಳ ಎಣಿಕೆ ಮಾತ್ರ ಏರುತ್ತಿತ್ತು. ಅದು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕದ ದೋಷವನ್ನು ಸೂಚಿಸುವ ಸಾಲು. ಸಾಟಾ ಕೇಬಲ್ ಬಿಚ್ಚಿದಾಗ ಅದರ ತುದಿಯಲ್ಲಿ ತೆಳುವಾದ ಬೂಷ್ಟು ಕಂಡಿತು. ಕೇಬಲ್ ಬದಲಿಸಿ ಸ್ಕ್ರಬ್ (ಪೂಲ್‌ನ ಮಾಹಿತಿಯನ್ನೆಲ್ಲ ಓದಿ ಪರೀಕ್ಷಿಸುವ ಕೆಲಸ) ನಡೆಸಿದ ಮೇಲೆ ಆ ಎಣಿಕೆ ಇದ್ದಲ್ಲೇ ನಿಂತಿದೆ; ಅದು ಕೆಳಗಿಳಿಯುವಂಥ ಎಣಿಕೆಯಲ್ಲ, ಏರದಿದ್ದರೆ ಸಾಕು. ಮಳೆಗಾಲದಲ್ಲಿ ಯಂತ್ರವನ್ನು ಆರಿಸಿಡುವುದಕ್ಕಿಂತ ಸದಾ ಚಾಲನೆಯಲ್ಲಿ, ಬೆಚ್ಚಗೆ ಇಡುವುದೇ ಮೇಲೆಂದು ನನಗೆ ತೋರುತ್ತದೆ.

ಬ್ಯಾಕಪ್‌ಗಳನ್ನು ಮತ್ತೆ ಓದಿ ಗುರುತು ತಾಳೆ ನೋಡುವ ವೆರಿಫೈ ಕೆಲಸವನ್ನು ವಾರಕ್ಕೊಮ್ಮೆ ಇಟ್ಟಿದ್ದೇನೆ. 30 ದಿನಗಳೊಳಗೆ ತಾಳೆಯಾದವನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ವರ್ಚುವಲ್ ಮಷೀನ್‌ಗಳಿರುವ ಸರ್ವರ್‌ಗೆ ಬ್ಯಾಕಪ್ ಯಂತ್ರದಲ್ಲಿ ಕೊಟ್ಟಿರುವ ಬಳಕೆದಾರನ ಹೆಸರಿಗೆ ಡೇಟಾಸ್ಟೋರ್‌ಬ್ಯಾಕಪ್ ಅಧಿಕಾರ ಮಾತ್ರ ಇದೆ: ಬ್ಯಾಕಪ್ ಕಳಿಸಬಹುದು, ಮರಳಿ ಪಡೆಯಬಹುದು, ಪ್ರೂನ್ ಮಾಡುವಂತಿಲ್ಲ. ತೋಟದ ರೈಟರೊಬ್ಬರು (ಗುಮಾಸ್ತರು) ಅಳಿಸಿದ ಒಂದೇ ಒಂದು ಕಡತ ಬೇಕೆಂದಾಗ ಇಡೀ ಮಷೀನನ್ನು ಇಳಿಸದೆ ಬ್ಯಾಕಪ್‌ನ ಒಳಗಿನಿಂದಲೇ ಅದನ್ನು ತೆಗೆದುಕೊಡಲು ಸಾಧ್ಯವಾದುದು ನನಗೆ ಅತ್ಯಂತ ತೃಪ್ತಿ ಕೊಟ್ಟ ಸಂಗತಿ.

2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಎಲ್ಲ ಪ್ರತಿಗಳನ್ನೂ ಒಂದೇ ಕಟ್ಟಡದಲ್ಲಿಡುವುದು ತರವಲ್ಲ. ಮೈಸೂರಿನ ನಮ್ಮ ಶಾಖೆಯಲ್ಲಿ ಇಂಥದೇ ಇನ್ನೊಂದು ಯಂತ್ರವಿದ್ದು, ರಾತ್ರಿ ಅದೇ ಇಲ್ಲಿಂದ ಹೊಸ ತುಣುಕುಗಳನ್ನು ಎಳೆದುಕೊಳ್ಳುತ್ತದೆ. ಇಲ್ಲಿಯ ಯಂತ್ರಕ್ಕೆ ಅಲ್ಲಿ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಇಂಟರ್‌ನೆಟ್ ದಿನಗಟ್ಟಲೆ ಇಲ್ಲದ ವಾರಗಳಿಗೆಂದು, 2024ರ ನವೆಂಬರಿನ 3.3 ಆವೃತ್ತಿಯಿಂದ ಲಭ್ಯವಾದ ತೆಗೆದುಹಾಕಬಲ್ಲ ಡೇಟಾಸ್ಟೋರ್ (ಬ್ಯಾಕಪ್ ಸಂಗ್ರಹ) ಸೌಲಭ್ಯವನ್ನು ಬಳಸಿ, ಯುಎಸ್‌ಬಿ ಡಿಸ್ಕ್ ಒಂದಕ್ಕೂ ಪ್ರತಿ ತೆಗೆಯುತ್ತೇವೆ. ಬ್ಯಾಕಪ್‌ಗಳು ಗೂಢಲಿಪಿಯಲ್ಲಿರುವುದರಿಂದ ಕೀಲಿ ಕಳೆದುಹೋದರೆ ಈ ಯಾವ ಪ್ರತಿಯೂ ತೆರೆಯುವುದಿಲ್ಲ. ಅದರ ಕಾಗದದ ಪ್ರತಿಯನ್ನು ತಂತ್ರಾಂಶವೇ ಕ್ಯೂಆರ್ ಕೋಡ್ ಸಹಿತ ಸಿದ್ಧಪಡಿಸಿಕೊಡುತ್ತದೆ. ನಾವು ಅದನ್ನು ಲ್ಯಾಮಿನೇಟ್ ಮಾಡಿಸಿ ಮೈಸೂರಿನ ಬ್ಯಾಂಕ್ ಲಾಕರಿನಲ್ಲಿ ಇರಿಸಿದ್ದೇವೆ.