ಟಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್: ಗೆರೆ ಉಳಿಸದ ಅಂಟು
1/24 ಅಳತೆಯ ಮಾದರಿ ಕಾರುಗಳನ್ನು ಜೋಡಿಸುವ ನನಗೆ ಹಸಿರು ಮುಚ್ಚಳದ ಈ 40 ಮಿ.ಲೀ. ಬಾಟಲಿ ಮೇಜಿನ ಮೇಲೆ ಇರಲೇಬೇಕು. ಎರಡು ಭಾಗಗಳನ್ನು ಮೊದಲೇ ಕೂಡಿಸಿ ಹಿಡಿದು, ಮುಚ್ಚಳದಲ್ಲೇ ಇರುವ ಸಣ್ಣ ಕುಂಚವನ್ನು ಸಂದಿಗೆ ತಾಗಿಸಿದರೆ ಸಾಕು. ದ್ರವ ತಾನಾಗಿ ಉದ್ದಕ್ಕೂ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಆಗ ಇನ್ನಷ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಾಗಿ ಉಬ್ಬುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅದನ್ನು ಮರಳು ಕಾಗದದಿಂದ ಉಜ್ಜಿದರೆ, ಬಣ್ಣದಡಿ ಜೋಡಣೆಯ ಗೆರೆಯೇ ಕಾಣುವುದಿಲ್ಲ. ಎಂಥ ಸೊಗಸು!

ಕ್ರೋಮ್ ಬಂಪರ್‌ಗಳಿಗೆ ಮಾತ್ರ ಅಂಟಿಸುವ ಜಾಗದ ಲೇಪನವನ್ನು ಕೆರೆದು ತೆಗೆಯಬೇಕು. ಪಾರದರ್ಶಕ ಕಿಟಕಿಗಳಿಗೆ ಇದನ್ನು ಬಳಸಬೇಡಿ, ಒಂದು ಹನಿ ಹರಿದರೂ ಕಲೆ ಉಳಿಯುತ್ತದೆ. ಅಲ್ಲಿಗೆ ಬಿಳಿ ಅಂಟೇ ಸರಿ. ವಾಸನೆ ಘಾಟು, ಕೋಣೆಯಲ್ಲಿ ಗಾಳಿಯಾಡುವಂತಿರಲಿ.